ಅರ್ಧ ಕಂಬಳಿ ಹೊದ್ದವರು

ಈ ಭೂಮಂಡಲದಲ್ಲಿ ವಸ್ತುಗಳನ್ನು ಜೋಪಾನ ಮಾಡುವ ವಿದ್ಯೆ ಇಬ್ಬರಿಗೇ ಒಲಿದಿದೆ ಎಂದು ಅಮೋಘಸಿದ್ದ ಮಾಸ್ತರರು ನಂಬಿದ್ದರು. ಒಬ್ಬ, ಗೋಳಗುಮ್ಮಟದಷ್ಟು ಗಟ್ಟಿ ಗೋರಿ ಕಟ್ಟಿಸಿಕೊಂಡು ಒಳಗೆ ಮಲಗಿರುವ ಬಾದಶಹ. ಇನ್ನೊಬ್ಬರು ಸಾಕ್ಷಾತ್ ತಾವು. ಬಾದಶಹನ ವಿಷಯದಲ್ಲಾದರೂ ಅವರಿಗೆ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು!

ಮಾಸ್ತರರು ತಿಕೋಟಾದ ಒಂದು ಕನ್ನಡ ಸಾಲೆಯಲ್ಲಿ ಮುಖ್ಯಗುರುಗಳು. ಮನೆ ವಿಜಯಪುರದಲ್ಲಿ, ಇಟ್ಟಂಗಿಹಾಳದ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ. ಆ ಮನೆಗೆ ಸೋಫಾ ಬಂದು ಒಂಬತ್ತು ವರ್ಷವಾಗಿದ್ದರೂ ಅದರ ಪ್ಲಾಸ್ಟಿಕ್ಕಿನ ಮೇಲೆ ಕೂತವರೇ ಹೊರತು ಸೋಫಾದ ಮೇಲೆ ಕೂತವರು ಯಾರೂ ಇರಲಿಲ್ಲ. ಟಿ.ವಿ. ರಿಮೋಟಿಗೆ ಸುತ್ತಿದ ಹಾಳೆ ಎಷ್ಟು ಮಸುಕಾಗಿತ್ತೆಂದರೆ, ವಾರ್ತೆ ಹಾಕಲು ಹೋಗಿ ಬದನೆಕಾಯಿ ಎಣ್ಣೆಗಾಯಿ ಮಾಡುವುದನ್ನು ನೋಡಿ ಏಳುವುದು ಮಾಸ್ತರರಿಗೆ ರೂಢಿಯಾಗಿತ್ತು. ಡಿಶ್ ಕೂಡಿಸಿದಾಗ ಉಳಿದ ವಾಯರನ್ನು ಸಹ ಅವರು ಬಿಸಾಡದೆ, ಮುಂದೆ ಬೇಕಾದೀತೆಂದು ಸುರುಳಿ ಸುತ್ತಿ ತಲೆಬಾಗಿಲ ಮುಂದಿನ ಕಟ್ಟೆಯ ಮೇಲೆ ತೂಗಹಾಕಿದ್ದರು.

"ವಾಪರಸಿದ್ರ ಸವಿತೈತಿ, ಇಟ್ರ ಉಳಿತೈತಿ" ಎಂಬುದು ವಸ್ತುಗಳ ಬಳಕೆಯ ಬಗ್ಗೆ ಅವರ ಸಿದ್ಧಾಂತ.

"ಹೌದ್ರಿ. ಈ ಮನ್ಯಾಗ ನನ್ನನ್ನೊಬ್ಬಾಕಿನ್ನ ಮೂವತ್ತು ವರ್ಷದಿಂದ ಪ್ಲಾಸ್ಟಿಕ್ ಸುತ್ತಲಾರದ ವಾಪರಸಾಕತ್ತೀರಿ" ಎಂಬುದು ಅವರ ಹೆಂಡತಿ ಕಸ್ತೂರಿಯ ಅಡಿಟಿಪ್ಪಣಿ.

ಮಾಸ್ತರರ ಈ ಸಕಲ ಸಂಗ್ರಹಕ್ಕೆ ಕಿರೀಟವೆಂದರೆ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ. ಅದರೊಳಗೆ, ಹಳೆಯ ದಿನಪತ್ರಿಕೆಯ ನಾಲ್ಕು ಪದರಿನಲ್ಲಿ, ಅರ್ಧ ಕಂಬಳಿ.

ಅರ್ಧ ಯಾಕೆಂದರೆ, ಅದಕ್ಕೊಂದು ಕಥೆಯಿದೆ. ಮಾಸ್ತರರ ಅಪ್ಪ ಅಮಸಿದ್ದ ನಿಡೋಣಿಯಲ್ಲಿ ಕುರಿ ಕಾಯ್ದವನು. ಎಂಬತ್ತು ಕುರಿ, ಕೊರಳಿಗೆ ಕೆಂಪು ಗೊಂಡೆ ಕಟ್ಟಿದ ಒಂದು ಕರಿ ಟಗರು, ಒಂದು ಕರಿ ಕಂಬಳಿ. ಇಷ್ಟೇ ಆತನ ಸಾಮ್ರಾಜ್ಯ. ಮಳೆ ಬಂದರೆ ಆ ಕಂಬಳಿ ಕೊಪ್ಪೆಯಾಗುತ್ತಿತ್ತು, ಸಂತೆಯಿಂದ ಬರುವಾಗ ಚೀಲವಾಗುತ್ತಿತ್ತು, ನಾಲ್ಕು ಮಂದಿ ಹಿರಿಯರ ನಡುವೆ ಹಾಸಿದರೆ ಗದ್ದುಗೆಯೇ ಆಗುತ್ತಿತ್ತು. ಯಾರದೋ ಹೊಲದಲ್ಲಿ ಕುರಿ ತರುಬಿದ ದಿನ ಅಪ್ಪ ಅದನ್ನು ಹೊದ್ದು ಅಡ್ಡಾದರೆ, ಬಲಗಂಕುಳಲ್ಲಿ ಹಿರಿಮಗ ಅಮೋಘಸಿದ್ದ, ಎಡಗಂಕುಳಲ್ಲಿ ಕಿರಿಮಗ ಸೋಮು. ಹೊರಗೆ ಮುಂಗಾರಿನ ಗುಡುಗು. ಒಳಗೆ ಅಪ್ಪನ ಎದೆಬಡಿತ, ಮತ್ತು ಕುರಿ, ಹೊಗೆ, ಬೆವರು, ಹಸಿ ಮಣ್ಣು ಎಲ್ಲ ಕೂಡಿದ ಒಂದು ವಾಸನೆ. ಆ ವಾಸನೆಯೊಳಗೆ ಗುಡುಗಿಗೆ ಪ್ರವೇಶವಿರಲಿಲ್ಲ.

ಅಪ್ಪ ತೀರಿಕೊಂಡಾಗ ಅಣ್ಣತಮ್ಮಂದಿರು ಹೊಲಕ್ಕೆ ಜಗಳಾಡಲಿಲ್ಲ, ಕುರಿಗೆ ಜಗಳಾಡಲಿಲ್ಲ, ಕಂಬಳಿಗೆ ಜಗಳಾಡಿದರು! ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಅವ್ವ ರಾಚವ್ವ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದು, "ಬಲಕ್ಕ ಮಲಗಿದಾಂವ ಬಲಗಡಿಂದು ತೊಗೊ, ಎಡಕ್ಕ ಮಲಗಿದಾಂವ ಎಡಗಡಿಂದು ತೊಗೊ" ಎಂದು ಕರ್ರನೆ ನಡುವೆ ಕೊಯ್ದೇಬಿಟ್ಟಳು. ಕೊಯ್ದ ಅಂಚು ಬಿಚ್ಚಬಾರದೆಂದು ಟಗರಿನ ಕೊರಳ ಗೊಂಡೆ ಬಿಡಿಸಿ, ಆ ಕೆಂಪು ದಾರದಿಂದ ಎರಡೂ ತುಂಡಿಗೆ ತಾನೇ ಅಂಚು ಹೊಲಿದಳು. ಟಗರು ಎರಡು ದಿನ ಬೋಳುಗೊರಳಲ್ಲಿ ಮುಖ ಊದಿಸಿಕೊಂಡು ತಿರುಗಿತು.

ಅಂದಿನಿಂದ ಇಪ್ಪತ್ತೊಂದು ವರ್ಷ ಮಾಸ್ತರರು ತಮ್ಮ ತುಂಡನ್ನು ತೊಳೆಯಲಿಲ್ಲ, ಹೊದೆಯಲಿಲ್ಲ, ಬಿಸಿಲಿಗೆ ಹಾಕಲಿಲ್ಲ, ನುಸಿಗುಳಿಗೆ ಇಡಲಿಲ್ಲ. ಯಾಕೆ? ಅಪ್ಪನ ವಾಸನೆ ಹೋಗಿಬಿಡುತ್ತದೆ! ವರ್ಷಕ್ಕೊಮ್ಮೆ, ಹಿರಿಯರ ಅಮಾವಾಸ್ಯೆಯ ದಿನ, ಪೆಟ್ಟಿಗೆ ತೆರೆದು, ಸುತ್ತಿದ ಪತ್ರಿಕೆಗೆ ಮೂಗು ಒತ್ತಿ, ಕಣ್ಣು ಮುಚ್ಚಿ, ಒಂದೇ ಒಂದು ದೀರ್ಘ ಉಸಿರು ಎಳೆದುಕೊಳ್ಳುತ್ತಿದ್ದರು. ಕಣ್ಣು ಒದ್ದೆಯಾಗುತ್ತಿತ್ತು. ಮತ್ತೆ ಕೀಲಿ. ಕೀಲಿಕೈ ಮಾಸ್ತರರ ಉಡದಾರಕ್ಕೆ ಕಟ್ಟಿತ್ತು. ಉಡದಾರ ಬಿಚ್ಚಬಾರದು, ಅಪಶಕುನ. ಆದ್ದರಿಂದ ಕೀಲಿಕೈ ಪೆಟ್ಟಿಗೆಯ ಹತ್ತಿರ ಹೋಗುವ ಬದಲು ಮಾಸ್ತರರ ಹೊಟ್ಟೆಯೇ ಪೆಟ್ಟಿಗೆಯ ಹತ್ತಿರ ಹೋಗಬೇಕು! ನೆಲಕ್ಕೆ ಉರುಳಿ, ಮಗ್ಗುಲಾಗಿ, ಉಸಿರು ಬಿಗಿಹಿಡಿದು ಕೀಲಿ ತೆಗೆಯುವ ಆ ದೃಶ್ಯ ನೋಡಿದವರು ಅದನ್ನು ಯಾವುದೋ ಹರಕೆ ಎಂದೇ ತಿಳಿಯಬೇಕು.

ಹೀಗಿರುವಾಗ ಮಗಳು ಆರತಿಯ ಮದುವೆ ಗೊತ್ತಾಯಿತು. ಏಪ್ರಿಲ್ ತಿಂಗಳ ಒಂದು ಶುಕ್ರವಾರ ನಿಡೋಣಿಯಿಂದ ರಾಚವ್ವನ ಫೋನು ಬಂತು.

"ಲೇ ಅಮೋಗಿ, ಕೇಳಸಾಕತ್ತೈತೇನ? ಬರೂ ಗುರುವಾರ ನಾನೂ ಸೋಮೂನೂ ಬರತೇವಿ. ಆರತಿಗೆ ಅರಿಷಿಣ ಹಚ್ಚೂದು ಅವರಜ್ಜನ ಕಂಬಳಿ ಮ್ಯಾಲ. ಸೋಮುನ ತುಂಡು ನಾ ತರತೀನಿ, ನಿಂದು ತಗದಿಡು. ಎರಡೂ ಕೂಡಿಸಿ ಹೊಲದು ಹಾಸೂನು. ನಾ ಇರೂದ್ರಾಗ ಒಮ್ಮಿ ಅದು ಪೂರಾ ಆಗಿದ್ದು ನೋಡಬೇಕಂತೈತಿ ಜೀವ."

"ಸೋಮುನ ತುಂಡು ಇನ್ನೂ ಉಳದೈತೇನ ಬೇ?"

"ಐತಿ. ನಿನ್ನಿ ಕುರಿ ಮರಿ ಹಾಕ್ಯಾವ. ಮರಿಗೆ ಹೊಚ್ಚ್ಯಾನ."

"ಮರಿಗೆ!" ಮಾಸ್ತರರ ದನಿ ಮಾಳಿಗೆಗೆ ಮುಟ್ಟಿತು. "ಅಪ್ಪನ ಕಂಬಳಿ ಕುರಿಮರಿಗೆ! ಯವ್ವಾ, ಬಾ ನೀ. ನನ್ನ ತುಂಡು ನೋಡಿದ ಮ್ಯಾಲ ಸೋಮು ನಾಚಿ ತಲಿ ಎತ್ತಬಾರದು. ಅಪ್ಪ ಈಗ ಹೊದ್ದು ಈಗ ಎದ್ದು ಹೋಗ್ಯಾನೇನೋ ಅನ್ನೂ ಹಂಗ ಇಟ್ಟೇನಿ!"

"ನೋಡೂನಂತ" ಎಂದಳು ರಾಚವ್ವ.

ಮರುದಿನ ಬೆಳಿಗ್ಗೆ ಮಾಸ್ತರರು ಸ್ನಾನ ಮಾಡಿ, ವಿಭೂತಿ ಹಚ್ಚಿ, ನೆಲಕ್ಕೆ ಉರುಳಿ, ಹೊಟ್ಟೆ ಪೆಟ್ಟಿಗೆಗೆ ತಾಗಿಸಿ ಕೀಲಿ ತೆಗೆದರು. ಕಸ್ತೂರಿ ಒಂದು ತುದಿ ಹಿಡಿದಳು, ಮಾಸ್ತರರು ಇನ್ನೊಂದು. ಇಪ್ಪತ್ತೊಂದು ವರ್ಷಗಳ ಬಳಿಕ ಕಂಬಳಿ ಬಿಚ್ಚಿಕೊಂಡಿತು. ಮಾಸ್ತರರಿಗೆ ಆಚೆ ತುದಿಯಲ್ಲಿದ್ದ ಹೆಂಡತಿಯ ಮುಖ ಕಂಡಿತು. ಕಂಬಳಿಯ ಮೇಲಿನಿಂದಲ್ಲ, ಮಗ್ಗುಲಿನಿಂದಲ್ಲ, ಕಂಬಳಿಯ ನಟ್ಟನಡುವೆ!

"ನಾ ಕಾಣಾಕತ್ತೇನೇನ್ರಿ?" ಎಂದಳು ಕಸ್ತೂರಿ.

"ಕಾಣತಿ."

"ಮೂಗುಬಟ್ಟು?"

"ಅದೂ ಕಾಣತೈತಿ" ಎಂದರು ಮಾಸ್ತರರು, ಬಾವಿಯೊಳಗಿಂದ ಬಂದಂಥ ದನಿಯಲ್ಲಿ.

ಅಷ್ಟರಲ್ಲಿ ಬಿ.ಎಸ್ಸಿ. ಮುಗಿಸಿದ ಆರತಿ ಬಗ್ಗಿ ನೋಡಿ ಕೂಗಿದಳು: "ಅಪ್ಪಾ, ಕಂಬಳಿ ನಡದಾಡಾಕತ್ತೈತಿ!"

ನಿಜವೇ. ಅಕ್ಕಿಕಾಳಿಗಿಂತ ತುಸು ಉದ್ದದ ಕರಿ ಕೊಳವೆಗಳು ಕಂಬಳಿಯ ಮೇಲೆ ಮೆಲ್ಲಗೆ ಸರಿಯುತ್ತಿದ್ದವು. ಪ್ರತಿ ಕೊಳವೆಯ ತುದಿಯಲ್ಲಿ ಒಂದು ಪುಟ್ಟ ತಲೆ. ಮುಟ್ಟಿದರೆ ತಲೆ ಒಳಗೆ. ಕ್ಷಣ ಬಿಟ್ಟು ಅದೇ ತಲೆ ಕೊಳವೆಯ ಇನ್ನೊಂದು ತುದಿಯಿಂದ ಹೊರಗೆ ಬಂದು, ಏನೂ ಆಗಿಲ್ಲವೆಂಬಂತೆ ಹಿಂದಕ್ಕೆ ಪ್ರಯಾಣ ಬೆಳೆಸುತ್ತಿತ್ತು. ಒಂದು ಕೊಳವೆಯ ನಡುವಿನಲ್ಲಂತೂ ಕೆಂಪು ಪಟ್ಟಿ, ನಡುಪಟ್ಟಿ ಬಿಗಿದ ಜಮಾದಾರನ ಹಾಗೆ!

ಆರತಿ ಮೊಬೈಲು ತೆಗೆದು ಓದಿದಳು. "ಇದು ನುಸಿ ಪತಂಗದ ಮರಿ ಅಪ್ಪಾ. ಏನು ತಿಂತೈತಿ ಅದರದ್ದ ನೂಲು ತೊಗೊಂಡು ತನಗ ಅಂಗಿ ನೇಯ್ಕೋತೈತಿ. ಕರೇದು ತಿಂದ್ರ ಕರಿ ಅಂಗಿ, ಕೆಂಪು ತಿಂದ್ರ ಕೆಂಪಂಗಿ. ದೊಡ್ಡದಾದಂಗ ಅಂಗಿಗೆ ತುಂಡು ಹಚ್ಚಿ ಸಡ್ಲ ಮಾಡ್ಕೋತೈತಿ."

"ನೋಡ್ರಿ, ಮಾವನೋರ ಕಂಬಳ್ಯಾಗ ಊಟಾನೂ ಆತು, ಸಾಲಿ ಯುನಿಫಾರ್ಮೂ ಆತು" ಎಂದಳು ಕಸ್ತೂರಿ.

"ಇನ್ನೂ ಕೇಳ್ರಿ. ತೊಳೀಲಾರದ, ಬೆವರು ಹತ್ತಿದ ಉಣ್ಣಿ ಅಂದ್ರ ಇವಕ್ಕ ಭಾಳ ರುಚಿಯಂತ."

ಮಾಸ್ತರರು ಮಂಚದ ಮೇಲೆ ಕುಸಿದರು. ಇಪ್ಪತ್ತೊಂದು ವರ್ಷ ಅವರು ಕಾಯ್ದುಕೊಂಡು ಬಂದ ಅಪ್ಪನ ಬೆವರು ಹುಳಗಳಿಗೆ ಮಸಾಲೆಯಾಗಿತ್ತು!

ಆದರೆ ಮುಖ್ಯಗುರುಗಳು ಕುಸಿದ ಜಾಗದಲ್ಲೇ ಉಳಿಯುವವರಲ್ಲ. "ಪತಂಗ ಅಂದಮ್ಯಾಲ ದೀಪಕ್ಕ ಬೀಳಲೇಬೇಕು. ಮೂರನೇ ಇಯತ್ತೆ ಹುಡುಗೂರಿಗೂ ಗೊತ್ತೈತಿ" ಎಂದು ಎದ್ದರು. ಮಟಮಟ ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿದರು, ಸಂದಿಗಳಿಗೆ ಬಟ್ಟೆ ತುರುಕಿದರು, ಪೆಟ್ಟಿಗೆಯ ಮುಂದೆ ಸಮೆಯ ದೀಪ ಹಚ್ಚಿಟ್ಟು ಕೆಳಗೆ ಪರಾತದಲ್ಲಿ ನೀರು ಇಟ್ಟರು. ಫ್ಯಾನು ಹಾಕುವಂತಿಲ್ಲ, ದೀಪ ಆರುತ್ತದೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬಾಗಿಲು ಹಾಕಿಕೊಂಡು ಗಂಡ, ಹೆಂಡತಿ, ಮಗಳು ದೀಪದ ಸುತ್ತ ಕೂತರು. ಒಂದು ತಾಸಾಯಿತು. ಪರಾತದಲ್ಲಿ ಬಿದ್ದದ್ದು ಮಾಸ್ತರರ ಬೆವರು ಮಾತ್ರ.

ಪತಂಗಗಳೇನೋ ಇದ್ದವು, ಒಣಹುಲ್ಲಿನ ಬಣ್ಣದ, ಗೋಧಿ ಕಾಳಿನಷ್ಟು ಪುಟ್ಟವು. ಅವು ದೀಪ ಕಂಡದ್ದೇ ತಡ, ರೆಕ್ಕೆ ಮಡಚಿ, ಕಾಲಿಗೆ ಬುದ್ಧಿ ಹೇಳಿ, ಕಂಬಳಿಯ ಇನ್ನೂ ಆಳದ ಮಡಿಕೆಯೊಳಗೆ ಓಡಿದವು.

"ಇವು ಬೆಳಕು ಕಂಡ್ರ ಓಡಿ ಹೋಗತಾವಂತ ಅಪ್ಪಾ. ದೊಡ್ಡ ಪತಂಗಕ್ಕ ತಿನ್ನಾಕ ಬಾಯಿನೂ ಇಲ್ಲಂತ. ತಿನ್ನೂದೆಲ್ಲಾ ಮರಿ."

"ದೊಡ್ಡವರಿಗೆ ಬಾಯಿ ಇಲ್ಲ? ಎಂಥಾ ಪುಣ್ಯದ ಮನೆತನ!" ಎಂದು ಕಸ್ತೂರಿ ಸೆರಗಿನಿಂದ ಗಾಳಿ ಹಾಕಿಕೊಂಡಳು. "ಇನ್ನರೆ ಬಾಗಲಾ ತಗೀರಿ. ನಿಮ್ಮ ಸಮೆಕ್ಕ ಬಿದ್ದದ್ದು ನಾವು ಮೂರ ಮಂದಿ."

ರವಿವಾರ ಎರಡನೆಯ ಯುದ್ಧ. ಕಂಬಳಿಯನ್ನು ಮಾಳಿಗೆಯ ಮೇಲಿನ ಹಗ್ಗಕ್ಕೆ ಹಾಕಿ ಜಾಡಿಸಿದ್ದಾಯಿತು. ಬಿಸಿಲಿಗೆ ಹುಳಗಳು ಅಂಗಿಸಮೇತ ಉದುರಿದವು. ಕೆಲವು ಗೋಡೆ ಹಿಡಿದು ಕೆಳಗಿನ ಕಟ್ಟೆಯ ಕಡೆಗೆ ವಲಸೆ ಹೊರಟವು. ಮಾಸ್ತರರು ಕೊಡೆ ಹಿಡಿದು ಕಾವಲು ಕೂತರು. ಗೆದ್ದೆ ಎಂದು ಮೀಸೆಗೆ ಕೈ ಹಾಕುವಷ್ಟರಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಹಕ್ಕಿಯೊಂದು ಬಂದು ಕಂಬಳಿಯ ಅಂಚಿಗೆ ಜೋತುಬಿತ್ತು. ಕೊಕ್ಕಿಯಂಥ ಬಾಗಿದ ಕೊಕ್ಕು, ಹಳದಿ ಹೊಟ್ಟೆ. ಸೂರಕ್ಕಿ. ಟಗರಿನ ಗೊಂಡೆಯ ಕೆಂಪು ದಾರದ ತುದಿ ಹಿಡಿದು ಜಗ್ಗಿತು, ಕಾಲು ಊರಿ ಜಗ್ಗಿತು, ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ಜಗ್ಗಿತು. ಗೇಣುದ್ದ ಕಿತ್ತುಕೊಂಡು ಹಾರಿತು!

"ಹಾಯ್! ಹಾಯ್!" ಎಂದು ಮಾಸ್ತರರು ಕೊಡೆ ಬೀಸಿದರು. ಹಕ್ಕಿ ನೇರ ಕೆಳಗೆ ಇಳಿಯಿತು. ಮಾಸ್ತರರೂ ಮೆಟ್ಟಿಲಿಳಿದು ಓಡಿದರು. ನೋಡುತ್ತಾರೆ, ಮುಂದೆ ಬೇಕಾದೀತೆಂದು ಅವರು ತೂಗಹಾಕಿದ್ದ ಡಿಶ್ ವಾಯರು ಅದಕ್ಕೆ ಈಗಲೇ ಬೇಕಾಗಿತ್ತು! ವಾಯರಿಗೆ ಜೇಡರ ಬಲೆಯ ನೂಲಿನಿಂದ ಬಿಗಿದ ಗೂಡು. ಒಣ ಎಲೆ, ತೊಗಟೆ ಚೂರು, ಹುಳದ ಹಿಕ್ಕೆ ಎಲ್ಲ ಜೋಲಾಡುತ್ತ, ಯಾರೋ ಕಸ ತೂಗಹಾಕಿದಂತೆ ಕಾಣುವ ಗೂಡು. ಆದರೆ ಬಾಗಿಲಿಗೆ ಮಳೆ ಬಿಸಿಲು ತಾಗದಂತೆ ಪುಟ್ಟ ಚಜ್ಜಾ ಬೇರೆ! ಒಳಗೆಲ್ಲ, ಜಾಡಿಸಿದಾಗ ಉದುರಿದ ಅಮಸಿದ್ದನ ಕಂಬಳಿಯ ಕರಿ ಉಣ್ಣೆ.

ಹಕ್ಕಿ ಹೋಗುವುದು, ತರುವುದು, ನೇಯುವುದು. ಅದರ ಗಂಡ, ನೇರಳೆಗಪ್ಪಿನ ಮಿರಿಮಿರಿ ಮಿಂಚುವ ಸುಂದರಾಂಗ, ಹಿಂದೆ ಹಿಂದೆ ಹಾರಿ, ವಾಯರಿನ ಮೇಲೆ ಕೂತು ಹಾಡುತ್ತಿತ್ತು. ಒಂದು ಕಡ್ಡಿ ಮುಟ್ಟಲಿಲ್ಲ.

"ಆ ಗಂಡಸು ಏನ್ ಮಾಡಾಕತ್ತಾನ್ರಿ?" ಎಂದಳು ಕಸ್ತೂರಿ.

"ಮಾರ್ಗದರ್ಶನ."

"ಹಂಗಾರ ಅದೂ ಮುಖ್ಯಗುರುಗಳ ಇರಬೇಕು."

ಆ ಸುಂದರಾಂಗನಿಗೆ ಇನ್ನೊಂದು ಉದ್ಯೋಗವಿತ್ತೆಂದು ತಿಳಿದದ್ದು ಪಕ್ಕದ ಮನೆಯ ಅಯೂಬ ಬಂದಾಗ. ಅಯೂಬನದು ರಫೂ ಕೆಲಸ. ಹರಿದ ಕೋಟಿಗೆ ಹರಿದದ್ದೇ ಇಲ್ಲವೆಂಬಂತೆ ಎಳೆ ಕೂಡಿಸುವ ಕೈ.

"ಗುರುಗಳ, ನಿಮ್ಮ ಹಕ್ಕಿ ಮುಂಜಾನಿಂದ ನನ್ನ ಗಾಡಿ ಕನ್ನಡಿ ಜೋಡಿ ಜಗಳಾ ತಗದೈತ್ರಿ. ಕುಕ್ಕಿ ಕುಕ್ಕಿ ಇಡಾಕತ್ತೈತಿ."

"ತನ್ನ ಮಾರಿ ನೋಡಿ ಬ್ಯಾರೆ ಗಂಡು ಅಂತ ತಿಳಕೊಂಡೈತಿ ಅಯೂಬ. ಎಷ್ಟ ದೊಡ್ಡ ಹುಚ್ಚು ನೋಡು, ತನ್ನ ರೂಪದ ಮ್ಯಾಲ!" ಎಂದು ಮಾಸ್ತರರು ನಕ್ಕರು. ಕಸ್ತೂರಿ ಗೋಡೆಗೆ ತೂಗಹಾಕಿದ್ದ, ಆದರ್ಶ ಶಿಕ್ಷಕರೆಂದು ಗಂಡನಿಗೆ ಶಾಲು ಹೊದಿಸುತ್ತಿರುವ ಫೋಟೋದ ಕಡೆ ನೋಡಿದಳು.

ಮಾಸ್ತರರು ತಡಮಾಡದೆ ಕಂಬಳಿ ತಂದು ಅಯೂಬನ ಮುಂದೆ ಹಾಸಿ, ಗುರುವಾರದೊಳಗೆ ರಫೂ ಮಾಡಬೇಕೆಂದರು. ಅಯೂಬ ಕನ್ನಡಕ ಏರಿಸಿ, ಅತ್ತ ಇತ್ತ ಹೊರಳಿಸಿ, ಬೆಳಕಿಗೆ ಹಿಡಿದು, ನಿಟ್ಟುಸಿರುಬಿಟ್ಟ.

"ಗುರುಗಳ, ಅರಿವ್ಯಾಗ ತೂತು ಇದ್ರ ನಾ ರಫೂ ಮಾಡತೀನ್ರಿ. ಇದು ಹಂಗಲ್ಲ. ಇದು ತೂತಿನ್ಯಾಗ ಅಲ್ಲಲ್ಲಿ ಅರಿವಿ ಐತಿ."

ಅಂದು ಮಾಸ್ತರರಿಗೆ ಊಟ ಸೇರಲಿಲ್ಲ. ತಮ್ಮನ ಮುಂದೆ ತಲೆ ತಗ್ಗುವುದು ಒಂದು ಕಡೆಗಿರಲಿ. 'ಅದು ಪೂರಾ ಆಗಿದ್ದು ನೋಡಬೇಕಂತೈತಿ ಜೀವ' ಎಂದ ಅವ್ವನ ದನಿ ಕಿವಿಯಲ್ಲಿ ಕೂತುಬಿಟ್ಟಿತ್ತು. ಎಂಬತ್ತರ ಮುದುಕಿಯ ಕೈಗೆ ಈ ಜರಡಿ ಹೇಗೆ ಕೊಡುವುದು?

ಸಂಕಟದಲ್ಲಿ ಮನುಷ್ಯನಿಗೆ ಸಿದ್ಧಾಂತಗಳು ಹೊಳೆಯುತ್ತವೆ. 'ಹಳೇ ಗುಡಿ ಬಿದ್ರ ಹೊಸಾ ಕಲ್ಲು ಹಾಕಂಗಿಲ್ಲೇನು? ಅದಕ ಜೀರ್ಣೋದ್ಧಾರ ಅಂತಾರ!' ಎಂದುಕೊಂಡು ಮಾಸ್ತರರು ಸಂತೆಯ ದಿನ ಬಬಲೇಶ್ವರದ ಬಸ್ಸು ಹತ್ತಿದರು. ಸಂತೆಯಲ್ಲಿ ಕಂಬಳಿ ಮಾರುವ ಮುದುಕನ ಮುಂದೆ ಹತ್ತು ಕಂಬಳಿ ಹೊರಳಿಸಿದರು, ಹತ್ತನ್ನೂ ಮೂಸಿ ನೋಡಿದರು.

"ಯಾರಿಗೆ ಬೇಕ್ರಿ?" ಎಂದ ಮುದುಕ.

"ನಮ್ಮ ಅಪ್ಪಂದು."

"ಅಪ್ಪಗ ವಯಸ್ಸೆಷ್ಟ್ರಿ? ವಜ್ಜ ತಡಿತಾರೇನು?"

"ತೀರಿಕೊಂಡು ಇಪ್ಪತ್ತೊಂದು ವರ್ಷ ಆತು."

ಮುದುಕ ಕಂಬಳಿ ಮಡಚಿ ಕೊಟ್ಟು, ಮಾಸ್ತರರು ಮರೆಯಾಗುವ ತನಕ ನೋಡುತ್ತ ನಿಂತ.

ಮನೆಗೆ ಬಂದು ಹಳೆಯ ತುಂಡನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಕೀಲಿ ಜಡಿದು, ಹೊಸ ಕಂಬಳಿಯನ್ನು ನಡುವೆ ಕೊಯ್ದರು. "ನಾ ಇದರಾಗಿಲ್ಲ" ಎಂದು ಕಸ್ತೂರಿ ಸೂಜಿ ಮುಟ್ಟಲಿಲ್ಲ. ಆರತಿಯ ಐದನೇ ಇಯತ್ತೆಯ ಕೆಂಪು ಸ್ವೆಟರು ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿತ್ತಲ್ಲ, ಅದನ್ನು ಬಿಚ್ಚಿ ಮಾಸ್ತರರೇ ಬೆರಳು ಚುಚ್ಚಿಕೊಳ್ಳುತ್ತ ಅಂಚು ಹೊಲಿದರು. ಎಲ್ಲ ಆಯಿತು. ಆದರೆ ವಾಸನೆ? ಹೊಸ ಕಂಬಳಿ ಹುಣಸೆಬೀಜದ ಗಂಜಿ ನಾರುತ್ತಿತ್ತು. ಅಪ್ಪ ಎಂದೂ ಗಂಜಿ ನಾರಿದವನಲ್ಲ!

ಬುಧವಾರ ಸಂಜೆ ಇಟ್ಟಂಗಿಹಾಳದ ರಸ್ತೆಯಲ್ಲಿ ಕುರಿ ಕಾಯುವ ಪರಸಪ್ಪ ಮಂದೆ ಹೊಡೆದುಕೊಂಡು ಬರುತ್ತಿದ್ದ. ಮಾಸ್ತರರು ಅಡ್ಡ ನಿಂತರು.

"ಪರಸಪ್ಪ, ಒಂದು ಉಪಕಾರ ಆಗಬೇಕು. ಈ ಕಂಬಳಿ ಒಂದು ತಾಸು ನಿನ್ನ ಕುರಿಗೆ ಹೊಚ್ಚತೀಯೇನು?"

ಪರಸಪ್ಪ ಕಂಬಳಿ ನೋಡಿದ, ಕುರಿ ನೋಡಿದ, ಮಾಸ್ತರರನ್ನು ನೋಡಿದ. "ಗುರುಗಳ, ಅದಕ ಹುಟ್ಟಾ ಒಂದು ಐತಲ್ರಿ?"

"ಐತಿ, ಐತಿ. ಆದರೂ ಮ್ಯಾಲೊಂದಿರಲಿ."

ಹೊಚ್ಚಿದ್ದಾಯಿತು. ಹೊಚ್ಚಿಸಿಕೊಂಡ ಕುರಿ, ಬೆನ್ನಿಗೇನೋ ಬಿದ್ದಿತೆಂದು ಹೌಹಾರಿ ಜಾಲಿಗಿಡಗಳತ್ತ ಓಟ ಕಿತ್ತಿತು. ಅದು ಹೋದಲ್ಲಿ ಉಳಿದ ಅರವತ್ತೂ ಹೋದವು. ಅವುಗಳ ಹಿಂದೆ "ಅಪ್ಪನ ಕಂಬಳಿ! ಅಪ್ಪನ ಕಂಬಳಿ!" ಎಂದು ಕೂಗುತ್ತ ಮುಖ್ಯಗುರುಗಳು. ಕಡೆಗೆ ಕಂಬಳಿ ಸಿಕ್ಕಿತು. ಹಿಕ್ಕೆ, ಧೂಳು, ಜಾಲಿಮುಳ್ಳು ಎಲ್ಲ ಸೇರಿ ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ವಯಸ್ಸಾಗಿತ್ತು.

ಗುರುವಾರ ರಾಚವ್ವ ಬಂದಳು. ಹಿಂದೆ ಸೋಮು, ಕಂಕುಳಲ್ಲಿ ತನ್ನ ತುಂಡು. ಒಳಗೆ ಸೆಕೆಯೆಂದು ಮುದುಕಿ ತಲೆಬಾಗಿಲ ಮುಂದಿನ ಕಟ್ಟೆಯ ಮೇಲೇ ಕೂತು ಸೂಜಿಗೆ ಉಣ್ಣೆದಾರ ಪೋಣಿಸಿದಳು. ಈ ವಯಸ್ಸಿಗೂ ಕನ್ನಡಕವಿಲ್ಲ.

"ತಾ ನಿನ್ನ ತುಂಡು."

ಮಾಸ್ತರರು ಎರಡೂ ಕೈಯಲ್ಲಿ ಹಿಡಿದು ತಂದರು. "ನೋಡ ಬೇ. ಇಪ್ಪತ್ತೊಂದು ವರ್ಷ. ಎಳೀ ಅಲ್ಲಾಡಿಲ್ಲ!"

ರಾಚವ್ವ ತೊಡೆಯ ಮೇಲೆ ಹಾಕಿಕೊಂಡು ಕೈಯಾಡಿಸಿದಳು. ಅಂಚಿನ ಕೆಂಪು ದಾರ ಮುಟ್ಟಿದಳು. ಮೂಗಿಗೆ ಹಿಡಿದಳು.

"ಕುರಿ ವಾಸನಿ ಐತಿ" ಎಂದಳು.

"ಅಪ್ಪಂದ ಬೇ!"

ಅದೇ ಗಳಿಗೆಗೆ ಸೂರಕ್ಕಿ ಬರಬೇಕೇ! ಮುದುಕಿಯ ತಲೆಯ ಮೇಲೇ ರೆಕ್ಕೆ ಬಡಿದು, ಗೂಡಿಗೆ ಜೋತುಬಿದ್ದು, ಬಾಗಿಲಿನ ಕೆಂಪು ದಾರವನ್ನು ಒಂದು ಸುತ್ತು ಬಿಗಿ ಮಾಡಿ ಹೋಯಿತು. ರಾಚವ್ವ ತಲೆ ಎತ್ತಿದಳು. ಗೋಡೆ ಹಿಡಿದು ಎದ್ದು, ಗೂಡಿನ ಹತ್ತಿರ ಮುಖ ಒಯ್ದು, ಬಹಳ ಹೊತ್ತು ನೋಡಿದಳು.

"ಲೇ ಅಮೋಗಿ."

"ಯವ್ವಾ?"

"ನಮ್ಮ ಟಗರಿನ ಗೊಂಡೆ ಈ ಹಕ್ಕಿ ಮನ್ಯಾಗ ಏನು ಮಾಡಾಕತ್ತೈತಿ?"

ಮಾಸ್ತರರು ಬಾಯಿ ತೆರೆದರು. ಏನೋ ವೈಜ್ಞಾನಿಕ ಕಾರಣ ಹೇಳುವವರಿದ್ದರು. ಅಷ್ಟರಲ್ಲಿ ಅವರ ಹಿಂದಿನ ಗೋಡೆಯ ಮೇಲೆ, ನಡುಪಟ್ಟಿ ಬಿಗಿದ ಆ ಜಮಾದಾರ ಹುಳ ತನ್ನ ಕರಿ ಅಂಗಿ ಎಳೆದುಕೊಂಡು ನಿಧಾನವಾಗಿ ಮೆರವಣಿಗೆ ಹೊರಟಿತ್ತು. ಅದನ್ನೂ ರಾಚವ್ವ ನೋಡಿದಳು. ಆರತಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಸ್ತೂರಿ ಆಕಾಶ ನೋಡತೊಡಗಿದಳು.

"ಪೆಟಗಿ ತಾ" ಎಂದಳು ರಾಚವ್ವ.

ಪೆಟ್ಟಿಗೆ ಬಂತು. ಮಾಸ್ತರರು ಅಂಗಿ ಎತ್ತಿ ನೆಲಕ್ಕೆ ಉರುಳಿದರು. ತಾಯಿಯ ಪಾದದ ಹತ್ತಿರ, ತಮ್ಮನ ಎದುರಿಗೆ, ಹೊಟ್ಟೆ ಕೀಲಿಗೆ. ಈ ಸಲ ಅದು ನಿಜವಾಗಿಯೂ ದೀರ್ಘದಂಡ ನಮಸ್ಕಾರದಂತೆಯೇ ಇತ್ತು.

ರಾಚವ್ವ ಎರಡೂ ತುಂಡು ಪಕ್ಕಪಕ್ಕ ಹಾಸಿದಳು. ಸೋಮುನದಕ್ಕೆ ಕಲೆ, ತೇಪೆ, ಅಂಟಿದ ಹೊಟ್ಟು. ಆದರೆ ಕೈ ಒತ್ತಿದರೆ ನೆಲ ಸಿಗದಷ್ಟು ದಪ್ಪ. ಮಾಸ್ತರರದಕ್ಕೆ ಕೈ ಹಾಕಿದರೆ ಕೈ ಆಚೆ ಬಂತು. ಮುದುಕಿ ಆ ತೂತಿನಲ್ಲಿ ತನ್ನ ಐದು ಬೆರಳು ಅಲ್ಲಾಡಿಸಿ ನೋಡಿದಳು.

"ವಾಸನಿ ಹೋಗಬಾರದಂತ ಬಿಚ್ಚಲಿಲ್ಲ ಬೇ" ಎಂದರು ಮಾಸ್ತರರು. ಐವತ್ತೇಳರ ಮುಖ್ಯಗುರುಗಳು ಗುಡುಗಿಗೆ ಹೆದರಿದ ಹುಡುಗನಂತೆ ನಿಂತಿದ್ದರು. "ತೊಳೀಲಿಲ್ಲ, ಝಾಡಸಲಿಲ್ಲ. ಅಪ್ಪನ ವಾಸನಿ..."

"ಮೂಸು" ಎಂದು ರಾಚವ್ವ ಅವರ ತುಂಡನ್ನೇ ಅವರ ಮೂಗಿಗೆ ಹಿಡಿದಳು.

ಮೂಸಿದರು. ಹಳೆಯ ದಿನಪತ್ರಿಕೆ ಮತ್ತು ತುಕ್ಕು. ಇಪ್ಪತ್ತೊಂದು ಅಮಾವಾಸ್ಯೆ ಅವರು ಕಣ್ಣೀರು ಹಾಕಿದ್ದು ದಿನಪತ್ರಿಕೆಯ ವಾಸನೆಗೆ!

"ಈಗ ಇದನ್ನ ಮೂಸು."

ಸೋಮುನ ತುಂಡು. ಮಾಸ್ತರರು ಉಸಿರೆಳೆದರು. ಕುರಿ, ಹೊಗೆ, ಬೆವರು, ಮೊನ್ನೆಯ ಅಡ್ಡಮಳೆಗೆ ನೆನೆದ ಮಣ್ಣು. ಬಲಗಂಕುಳು. ಗುಡುಗಿಗೆ ಪ್ರವೇಶವಿಲ್ಲದ ಜಾಗ. ಎಷ್ಟೋ ಹೊತ್ತು ಅವರು ಮುಖ ಎತ್ತಲಿಲ್ಲ.

"ಅಣ್ಣಾ, ನಿನ್ನಿ ಅದರ ಮ್ಯಾಲ ಕುರಿಮರಿ..." ಎಂದು ಸೋಮು ಸಂಕೋಚದಿಂದ ಹೇಳಹೋದ.

"ಇರಲಿ ಬಿಡು" ಎಂದರು ಮಾಸ್ತರರು, ಕಂಬಳಿಯ ಒಳಗಿನಿಂದಲೇ.

"ನಿಮ್ಮಪ್ಪಗ ಬ್ಯಾರೆ ವಾಸನಿ ಎಲ್ಲಿತ್ತಲೇ?" ಎಂದಳು ರಾಚವ್ವ. "ಮಾಡೂ ಕೆಲಸದ್ದ ವಾಸನಿ. ಸೋಮು ದಿನಾ ಹೊದಿತಾನ, ದಿನಾ ಝಾಡಸತಾನ, ಬಿಸಲಿಗೆ ಒಗಿತಾನ. ನುಸಿಗೆ ಅಲ್ಲಿ ಕುಂಡ್ರಾಕ ಪುರಸೊತ್ತ ಸಿಗೂದಿಲ್ಲ. ನಿನ್ನ ತುಂಡಿನ್ಯಾಗ ಹುಳ ಅಂಗಿ ಹೊಲಕೊಂಡಿತು, ಹಕ್ಕಿ ಮನಿ ಕಟ್ಟಿತು. ನೀ ಒಬ್ಬನ ನೋಡು, ಒಂದಿನಾ ಅದರಾಗ ಬೆನ್ನ ಬೆಚ್ಚಗ ಮಾಡ್ಕೊಳ್ಳಲಿಲ್ಲ."

ಬೈದಳೇನೋ ಎಂದು ನೋಡಿದರೆ ಮುದುಕಿ ನಗುತ್ತಿದ್ದಳು. ನಗುತ್ತಲೇ ಮಾಸ್ತರರ ತುಂಡಿನಲ್ಲಿ ಗಟ್ಟಿಯಿದ್ದ ಎರಡು ಗೇಣು ಜಾಗ ಹುಡುಕಿ, ಕತ್ತರಿಸಿ, ಸೋಮುನ ತುಂಡಿನ ಕೊಯ್ದ ಅಂಚಿಗೆ ಸೇರಿಸಿ ಹೊಲಿದಳು. ಅಯೂಬ ಬಂದು ಹೊಲಿಗೆ ನೋಡಿ, "ಅಜ್ಜಿ, ನಮ್ಮ ಅಂಗಡಿಗೆ ಬರ್ರಿ" ಎಂದ. ಆರತಿ ಅದರ ಮೇಲೆ ಕೂತಳು. ಅರಿಶಿಣ ಹಚ್ಚುವಾಗ ಸೂರಕ್ಕಿಯ ಗಂಡ ವಾಯರಿನ ಮೇಲೆ ಕೂತು, ಎಲ್ಲ ತನ್ನ ಮಾರ್ಗದರ್ಶನದಲ್ಲೇ ನಡೆದಿದೆ ಎಂಬಂತೆ ಹಾಡಿತು. ಕಂಬಳಿ ಪೂರ್ತಿಯಾಗಿರಲಿಲ್ಲ; ಆದರೆ ರಾಚವ್ವ ಅದನ್ನು ಎರಡು ಸಲ ಸವರಿ, "ಆತು" ಎಂದಳು.

ನಿಡೋಣಿಗೆ ಹೊರಡುವಾಗ ಬಬಲೇಶ್ವರ ಸಂತೆಯ ತುಂಡನ್ನು ಮಗನ ಹೆಗಲಿಗೆ ಹಾಕಿದಳು. "ಇದನ್ನ ದಿನಾ ಹೊದಿ. ವರ್ಷ ಬಿಟ್ಟು ಬಂದು ಮೂಸಿ ನೋಡತೀನಿ. ಪೇಪರ್ ವಾಸನಿ ಬಂತಂದ್ರ ಐತಿ ನಿನಗ!"

ಹೀಗಾಗಿ ಮೇ ತಿಂಗಳ ಒಂದು ಬೆಳಿಗ್ಗೆ, ವಿಜಯಪುರದ ಬಿಸಿಲು ಒಂಬತ್ತಕ್ಕೇ ಕಾದ ಹಂಚಾಗಿದ್ದಾಗ, ಅಮೋಘಸಿದ್ದ ಮಾಸ್ತರರು ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಗುರುಗಳ, ಜ್ವರಾ ಬಂದಾವೇನ್ರಿ?" ಎಂದ ಅಯೂಬ, ಗಾಡಿಯ ಕನ್ನಡಿಗೆ ಕಾಲುಚೀಲ ತೊಡಿಸುತ್ತ.

"ಇಲ್ಲಪ. ಹೋಂವರ್ಕ್."

ಆಗ ಸೂರಕ್ಕಿ ಬಂತು. ವಾಯರಿನ ಮೇಲೆ ಕೂತು ಮಾಸ್ತರರನ್ನು ಒಮ್ಮೆ ಆಚೆಗಣ್ಣಿನಿಂದ, ಒಮ್ಮೆ ಈಚೆಗಣ್ಣಿನಿಂದ ಅಳೆಯಿತು. ಆಮೇಲೆ ನೇರ ಹಾರಿಬಂದು ಅವರ ಎಡ ಹೆಗಲಿಗೆ ಜೋತುಬಿದ್ದು ಉಣ್ಣೆ ಜಗ್ಗತೊಡಗಿತು. ಒಂದು ಎಲೆ ಬಿದ್ದಷ್ಟೂ ಭಾರವಿಲ್ಲ. ಮಾಸ್ತರರು ಕೊಡೆ ಹುಡುಕಲಿಲ್ಲ, "ಹಾಯ್" ಎನ್ನಲಿಲ್ಲ, ಮೂಗಿನ ತುದಿಗೆ ಬಂದ ಬೆವರು ಸಹ ಒರೆಸಿಕೊಳ್ಳಲಿಲ್ಲ. ಉಸಿರು ಹಿಡಿದು ಕೂತರು.

ಚಹಾ ತಂದ ಕಸ್ತೂರಿ ಹೊಸ್ತಿಲಲ್ಲೇ ನಿಂತಳು. ಪಿಸುದನಿಯಲ್ಲಿ ಹೇಳಿದಳು:

"ಅಲ್ಲಾಡಬ್ಯಾಡ್ರಿ! ಕಡೀಕೂ ನಿಮ್ಮನ್ನ ಯಾರೋ ವಾಪರಸಾಕತ್ತಾರ."